ಏಳು ಸುತ್ತಿನ ಕೋಟೆ ಯಾವ ಫೋಲ್ಡರ್‌ನಲ್ಲಿತ್ತು?

ಕೆಲಸ ಇಷ್ಟು. ದಾವಣಗೆರೆ ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಅಣ್ಣ ಮಾಡಿಟ್ಟಿದ್ದ ಏಜ್ ಆಫ್ ಎಂಪೈರ್ಸ್ 2 ಅನ್ನುವ ಯುದ್ಧದ ಆಟದ ಮ್ಯಾಪ್‌ಗಳಿವೆ. ಅವನ್ನು ಹುಡುಕಿ ತೆಗೆಯಬೇಕು. ಹೊಸ ಲ್ಯಾಪ್‌ಟಾಪ್‌ನಲ್ಲಿರುವ ಅದೇ ಆಟದ ಹೊಸ ರೂಪ, ಡೆಫಿನಿಟಿವ್ ಎಡಿಷನ್‌ನಲ್ಲಿ ತೆರೆಯಬೇಕು. ಆಮೇಲೆ ಹಳೇ ಪೆಟ್ಟಿಗೆ ಗುಜರಿಗೆ ಹೋಗುತ್ತದೆ. ಅದಕ್ಕೇ ಒಂದು ಫೈಲ್ ಕೂಡ ಬಿಟ್ಟುಹೋಗಬಾರದು.

ಮ್ಯಾಪ್‌ಗಳಲ್ಲಿ ಮುಖ್ಯವಾದದ್ದು ಚಿತ್ರದುರ್ಗದ ಕೋಟೆ. ಅಣ್ಣ ಕಾಲೇಜಿನ ರಜೆಗಳಲ್ಲಿ ಆಟದ ಜೊತೆಗೇ ಬರುವ, ಮ್ಯಾಪ್ ಮಾಡುವ ಸಿನಾರಿಯೋ ಎಡಿಟರ್ ತೆರೆದು ಕೂತು, ಒಂದೊಂದೇ ಗೋಡೆ ಇಟ್ಟು ಏಳು ಸುತ್ತೂ ಕಟ್ಟಿದ್ದ. 1999ರ ಮೂಲ ಆಟದಲ್ಲಾಗಲಿ, 2000ದಲ್ಲಿ ಬಂದ ಅದರ ಹೆಚ್ಚುವರಿ ಭಾಗ ಕಾಂಕರರ್ಸ್‌ನಲ್ಲಾಗಲಿ ಭಾರತದ ಸೈನ್ಯ ಇರಲಿಲ್ಲ. ಹಾಗಾಗಿ ಮದಕರಿ ನಾಯಕನಿಗೆ ಪರ್ಷಿಯನ್ನರ ಆನೆ ಕೊಟ್ಟಿದ್ದ, ಹೈದರಾಲಿಗೆ ತುರ್ಕರ ಫಿರಂಗಿ. ಹಳ್ಳಿ ಹೆಂಗಸೊಬ್ಬಳಿಗೆ ಟ್ರಿಗರ್ (ಇಂಥದ್ದಾದರೆ ಹೀಗೆ ಮಾಡು ಅನ್ನುವ ಸೂಚನೆ) ಹಾಕಿ ಓಬವ್ವ ಅಂತ ಹೆಸರು ಬದಲಾಯಿಸಿದ್ದ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ. ಈ ಮ್ಯಾಪ್ ಎಲ್ಲಿಯೂ ಡೌನ್‌ಲೋಡ್‌ಗೆ ಸಿಗುವಂಥದ್ದಲ್ಲ. ಪ್ರಪಂಚದಲ್ಲಿ ಇರುವುದು ಆ ಒಂದು ಡಿಸ್ಕ್‌ನಲ್ಲಿ ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಪಾತ್‌ಗಳನ್ನು, ಅಂದರೆ ಫೈಲ್ ಇರುವ ವಿಳಾಸಗಳನ್ನು, ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಡಿಸ್ಕ್ ಜೋಡಿಸಿದ್ದು

ಪಿಸಿಯ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ) ಸತ್ತಿತ್ತು, ಆನ್ ಆಗಲಿಲ್ಲ. ಡಿಸ್ಕ್ ಬಿಚ್ಚಿ ಹೊರಗೆ ತೆಗೆದೆ. 3.5 ಇಂಚಿನ ಸಾಟಾ ಡಿಸ್ಕ್. ಈ ಅಳತೆಯದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿ ಪೋರ್ಟ್‌ನ 5 ವೋಲ್ಟ್ ಸಾಲುವುದಿಲ್ಲ. ಬೇರೆ ಅಡಾಪ್ಟರ್ ಇರುವ ಡಾಕ್ (ಡಿಸ್ಕ್ ಸಿಕ್ಕಿಸುವ ಸ್ಟ್ಯಾಂಡ್) ತಂದು ಹಾಕಿದೆ. ಮೊದಲು ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ, ಕೆಟ್ಟ ಜಾಗಗಳ ಲೆಕ್ಕ ಹೇಳುವ ಎರಡು ಸಾಲು ನೋಡಿದೆ: ರೀಅಲೊಕೇಟೆಡ್ ಸೆಕ್ಟರ್ಸ್, ಕರೆಂಟ್ ಪೆಂಡಿಂಗ್ ಸೆಕ್ಟರ್ಸ್. ಎರಡೂ ಸೊನ್ನೆ. ಅಂದರೆ ಡಿಸ್ಕ್ ಆರೋಗ್ಯವಾಗಿದೆ, ನಿಧಾನವಾಗಿ ಹುಡುಕಬಹುದು. ಇಲ್ಲಿ ದೊಡ್ಡ ಸಂಖ್ಯೆ ಕಂಡರೆ ಫೋಲ್ಡರ್ ತೆರೆದು ನೋಡುತ್ತಾ ಕೂರಬೇಡಿ. ಮೊದಲು ಇಡೀ ಡಿಸ್ಕ್‌ನ ಇಮೇಜ್ (ತದ್ರೂಪಿ ಕಾಪಿ) ತೆಗೆದಿಡಿ.

ಹಳೇ ಯಂತ್ರದಲ್ಲಿ ಸಿ ಮತ್ತು ಡಿ ಆಗಿದ್ದ ಭಾಗಗಳು ನನ್ನ ಲ್ಯಾಪ್‌ಟಾಪ್‌ನಲ್ಲಿ ಇ ಮತ್ತು ಎಫ್ ಆಗಿ ಬಂದವು. ಡ್ರೈವ್ ಅಕ್ಷರ ಡಿಸ್ಕ್‌ನ ಮೇಲೆ ಬರೆದಿರುವುದಿಲ್ಲ. ಈಗ ಓಡುತ್ತಿರುವ ವಿಂಡೋಸ್ ಕೊಡುವ ಹೆಸರು ಅದು. ಹಾಗಾಗಿ ಹಳೇ ಡಿಸ್ಕ್‌ನೊಳಗೆ ಎಲ್ಲೆಲ್ಲಿ 'ಸಿ' ಅಂತ ಬರೆದಿದೆಯೋ ಅಲ್ಲೆಲ್ಲ ಮನಸ್ಸಿನಲ್ಲೇ 'ಇ' ಅಂತ ಓದಿಕೊಳ್ಳಬೇಕು.

ಇದು ಎಷ್ಟು ಮುಖ್ಯ ಅಂತ ಒಂದು ಉದಾಹರಣೆ. ಇ ಡ್ರೈವ್‌ನಲ್ಲಿ 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ಅಂತ ಮಸುಕಾದ ಫೋಲ್ಡರ್ ಒಂದು ಕಾಣುತ್ತದೆ. ಒತ್ತಿದರೆ 'ಆ್ಯಕ್ಸೆಸ್ ಡಿನೈಡ್'. ಅದರೊಳಗೆ ಏನೋ ಅಡಗಿದೆ ಅಂತ ಅನ್ನಿಸುತ್ತದೆ ಅಲ್ವಾ? ಏನೂ ಇಲ್ಲ. ಅದು ಫೋಲ್ಡರೇ ಅಲ್ಲ, ಜಂಕ್ಷನ್. ಎಕ್ಸ್‌ಪಿ ಕಾಲದ ಪ್ರೋಗ್ರಾಂಗಳು ಆ ಹಳೇ ವಿಳಾಸ ಕೇಳಿದರೆ ಅವನ್ನು ಸಿ:\ಯೂಸರ್ಸ್‌ಗೆ ಕಳಿಸಲು ಇಟ್ಟ ಫಲಕ. ಅದರಲ್ಲಿ ಬರೆದಿರುವುದು ಪೂರ್ತಿ ಪಾತ್, 'ಸಿ' ಅಕ್ಷರದ ಸಮೇತ. ಅಂದರೆ ಅನುಮತಿ ಬದಲಾಯಿಸಿ ಒಳಗೆ ಹೋದರೆ ನೀವು ತಲುಪುವುದು ನಿಮ್ಮದೇ ಹೊಸ ಲ್ಯಾಪ್‌ಟಾಪ್‌ನ ಯೂಸರ್ಸ್ ಫೋಲ್ಡರ್‌ಗೆ. ಹಳೇ ಡಿಸ್ಕ್‌ಗಲ್ಲ. ಆ ಕಡೆ ಹೋಗಲೇಬೇಡಿ.

ಆಟ ಎಲ್ಲಿತ್ತು

ಊಹೆ ಮಾಡುವ ಬದಲು ಶಾರ್ಟ್‌ಕಟ್‌ನಿಂದ ಶುರು ಮಾಡಿದೆ. ಎಲ್ಲ ಯೂಸರ್‌ಗಳಿಗೂ ಕಾಣುವ ಡೆಸ್ಕ್‌ಟಾಪ್ ಐಕಾನ್‌ಗಳು ಇ:\ಯೂಸರ್ಸ್\ಪಬ್ಲಿಕ್\ಡೆಸ್ಕ್‌ಟಾಪ್‌ನಲ್ಲಿ ಇರುತ್ತವೆ. ಅಲ್ಲಿ ಆಟದ ಐಕಾನ್ ಇತ್ತು. ರೈಟ್ ಕ್ಲಿಕ್, ಪ್ರಾಪರ್ಟೀಸ್. ಟಾರ್ಗೆಟ್ ಸಾಲಿನಲ್ಲಿ ಹೀಗಿತ್ತು:

ಸಿ:\ಪ್ರೋಗ್ರಾಂ ಫೈಲ್ಸ್ (ಎಕ್ಸ್86)\ಮೈಕ್ರೋಸಾಫ್ಟ್ ಗೇಮ್ಸ್\ಏಜ್ ಆಫ್ ಎಂಪೈರ್ಸ್ II\ಏಜ್2_ಎಕ್ಸ್1\ಏಜ್2_ಎಕ್ಸ್1.ಇಎಕ್ಸ್‌ಇ

ಈ ಸಾಲನ್ನು ಹಿಂದಿನಿಂದ ಓದಿದರೆ ಸುಲಭ. ಕೊನೆಯದು ಪ್ರೋಗ್ರಾಂ. ಅದರ ಹಿಂದಿನ 'ಎಕ್ಸ್1' ಅಂದರೆ ಮೊದಲ ಎಕ್ಸ್‌ಪಾನ್ಷನ್, ಕಾಂಕರರ್ಸ್. ಅದಕ್ಕೂ ಹಿಂದಿನದು ಆಟದ ಮೂಲ ಫೋಲ್ಡರ್. 'ಎಕ್ಸ್86' ಇರುವುದರಿಂದ ಆ ವಿಂಡೋಸ್ 64 ಬಿಟ್, ಆಟ 32 ಬಿಟ್ ಅಂತ ಗೊತ್ತಾಗುತ್ತದೆ. 32 ಬಿಟ್ ವಿಂಡೋಸ್‌ನಲ್ಲಿ ಬರೀ 'ಪ್ರೋಗ್ರಾಂ ಫೈಲ್ಸ್' ಒಂದೇ ಇರುತ್ತದೆ. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ಐಕಾನ್ ಇಲ್ಲದಿದ್ದರೂ ದಾರಿ ಇದೆ. ವಿಂಡೋಸ್ ತನ್ನ ಮತ್ತು ಪ್ರೋಗ್ರಾಂಗಳ ವಿವರ ಬರೆದಿಡುವ ಜಾಗ ರಿಜಿಸ್ಟ್ರಿ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಎಚ್‌ಕೀ ಲೋಕಲ್ ಮೆಷಿನ್ ಆರಿಸಿಕೊಂಡು ಫೈಲ್ ಮೆನುವಿನಲ್ಲಿ 'ಲೋಡ್ ಹೈವ್' ಕೊಡಿ. ಹಳೇ ಡಿಸ್ಕ್‌ನ ವಿಂಡೋಸ್\ಸಿಸ್ಟಮ್32\ಕಾನ್ಫಿಗ್ ಒಳಗಿರುವ 'ಸಾಫ್ಟ್‌ವೇರ್' ಫೈಲ್ ತೋರಿಸಿ. ಆನ್ ಆಗದ ಕಂಪ್ಯೂಟರ್‌ನ ರಿಜಿಸ್ಟ್ರಿ ನಿಮ್ಮ ಕಣ್ಣಮುಂದೆ ತೆರೆದುಕೊಳ್ಳುತ್ತದೆ. 64 ಬಿಟ್ ವಿಂಡೋಸ್ ಆದ್ದರಿಂದ ವಾವ್6432ನೋಡ್ ಒಳಗೆ ಹೋಗಬೇಕು. ಅಲ್ಲಿಂದ ಮೈಕ್ರೋಸಾಫ್ಟ್, ಮೈಕ್ರೋಸಾಫ್ಟ್ ಗೇಮ್ಸ್, ಆಮೇಲೆ ಆಟದ ಹೆಸರು. 'ಇಎಕ್ಸ್‌ಇ ಪಾತ್' ಅನ್ನುವ ಸಾಲಿನಲ್ಲಿ ಅದೇ ವಿಳಾಸ ಇತ್ತು. ನೋಡಿಯಾದ ಮೇಲೆ 'ಅನ್‌ಲೋಡ್ ಹೈವ್' ಕೊಡುವುದನ್ನು ಮರೆಯಬೇಡಿ.

ಆಟದ ಫೋಲ್ಡರ್ ತೆರೆದೆ. ಆ ಕಾಲದ ಆಟಗಳ ಫೋಲ್ಡರ್ ನೋಡುವುದೇ ಒಂದು ಖುಷಿ. ಎಲ್ಲಕ್ಕೂ ಅರ್ಥವಾಗುವ ಹೆಸರು. 'ಡೇಟಾ' ಒಳಗೆ ಡಿಆರ್‌ಎಸ್ ಅನ್ನುವ ದೊಡ್ಡ ಮೂಟೆಗಳು: ಚಿತ್ರಗಳಿಗೊಂದು, ನೆಲಕ್ಕೊಂದು, ಸದ್ದಿಗೊಂದು. ಎಂಪೈರ್ಸ್2_ಎಕ್ಸ್1_ಪಿ1.ಡ್ಯಾಟ್ ಅನ್ನುವ ಫೈಲ್‌ನಲ್ಲಿ ಯಾವ ಸೈನಿಕನಿಗೆ ಎಷ್ಟು ಬಲ, ಎಷ್ಟು ಬೆಲೆ ಅನ್ನುವ ಲೆಕ್ಕವೆಲ್ಲ ಇದೆ. 'ಎಐ' ಫೋಲ್ಡರ್‌ನ ಪಿಇಆರ್ ಫೈಲ್‌ಗಳನ್ನು ನೋಟ್‌ಪ್ಯಾಡ್‌ನಲ್ಲೇ ಓದಬಹುದು, ಕಂಪ್ಯೂಟರ್ ಎದುರಾಳಿ ಯೋಚಿಸುವ ನಿಯಮಗಳು ಅವು. 'ರ‍್ಯಾಂಡಮ್' ಒಳಗೆ ಮ್ಯಾಪ್ ಹುಟ್ಟಿಸುವ ಸ್ಕ್ರಿಪ್ಟ್‌ಗಳು. 'ಟಾಂಟ್' ಒಳಗೆ ಎಂಪಿ3 ಹಾಡುಗಳಂತೆ ಜೋಡಿಸಿಟ್ಟ ಬೈಗುಳ, ನಗು, ಮತ್ತು ನಾವು ಮನೆ ತುಂಬ ಕೂಗಿಕೊಂಡು ಓಡಾಡುತ್ತಿದ್ದ ಪಾದ್ರಿಯ 'ವೊಲೊಲೊ'.

ಆಟಗಾರನ ಸ್ವಂತದ್ದೂ ಇದರ ಜೊತೆಗೇ ಇರುತ್ತದೆ. 'ಸೇವ್‌ಗೇಮ್' ಒಳಗೆ ಅರ್ಧ ಆಡಿಟ್ಟ ಆಟಗಳು ಮತ್ತು ರೆಕಾರ್ಡಿಂಗ್‌ಗಳು, 'ಸಿನಾರಿಯೋ' ಒಳಗೆ ನಾವೇ ಮಾಡಿದ ಮ್ಯಾಪ್‌ಗಳು, ಒಂದು ಪುಟ್ಟ ಫೈಲ್‌ನಲ್ಲಿ ಆಟಗಾರರ ಹೆಸರು ಮತ್ತು ಕ್ಯಾಂಪೇನ್ ಎಲ್ಲಿಯವರೆಗೆ ಬಂತು ಅನ್ನುವ ಗುರುತು. ಕಂಪನಿ ಕೊಟ್ಟದ್ದು, ನಾವು ಮಾಡಿದ್ದು ಎರಡೂ ಒಂದೇ ಸೂರಿನಡಿ. 1999ರಲ್ಲಿ ಇದು ಮಾಮೂಲಿ ಪದ್ಧತಿ.

ಸಿನಾರಿಯೋ ಫೋಲ್ಡರ್‌ನಲ್ಲಿ ಕೋಟೆಯ ಫೈಲ್ ಸಿಕ್ಕಿತು. ತಾರೀಖು 2010. ಆದರೆ ಅದು ಅಣ್ಣ ಮುಗಿಸಿದ ಮ್ಯಾಪ್ ಅಲ್ಲ ಅಂತ ನನಗೆ ಗೊತ್ತಿತ್ತು. 2011ರ ಬೇಸಿಗೆ ರಜೆಯಲ್ಲಿ ಓಬವ್ವನ ಕಿಂಡಿಯ ಟ್ರಿಗರ್ ಸೇರಿಸಿದ್ದನ್ನು ನಾನೇ ನೋಡಿದ್ದೇನೆ. ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ಮ್ಯಾಪ್ ಎಲ್ಲಿ ಸೇವ್ ಮಾಡ್ತಿದ್ದೆ?"

"ಗೇಮ್ ಒಳಗೇ ಕಣೋ. ಸೇವ್ ಅಂತ ಒತ್ತಿದ್ರೆ ಅದೇ ಹೋಗಿ ಕೂರೋದು. ಬೇರೆ ಕಡೆ ಇಡೋಕೆ ಬರ್ತಾನೇ ಇರ್ಲಿಲ್ಲ."

ಅವನು ಹೇಳಿದ್ದು ನಿಜ. ಎಡಿಟರ್‌ನಲ್ಲಿ ಬೇರೆ ಫೋಲ್ಡರ್ ಆರಿಸುವ ಅವಕಾಶವೇ ಇಲ್ಲ. ಆದರೂ ಫೈಲ್ ಅಲ್ಲಿಲ್ಲ.

ವರ್ಚುವಲ್‌ಸ್ಟೋರ್

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೇ ಆಟದ ಸೇವ್ ಕಳೆದುಹೋಯಿತು ಅನ್ನುವವರಲ್ಲಿ ತುಂಬ ಜನರ ಉತ್ತರ ಇಲ್ಲಿದೆ.

ಎಕ್ಸ್‌ಪಿ ಕಾಲದಲ್ಲಿ ಮನೆಯ ಕಂಪ್ಯೂಟರ್‌ನಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್‌ಗಳೇ. ಆಟ ಪ್ರೋಗ್ರಾಂ ಫೈಲ್ಸ್ ಒಳಗೆ ಏನು ಬೇಕಾದರೂ ಬರೆಯುತ್ತಿತ್ತು, ಯಾರೂ ತಡೆಯುತ್ತಿರಲಿಲ್ಲ. 2007ರಲ್ಲಿ ವಿಸ್ಟಾ ಬಂದಾಗ ಈ ಬಾಗಿಲು ಮುಚ್ಚಿತು. ಮಾಮೂಲಿ ಪ್ರೋಗ್ರಾಂಗಳು ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ಅದಕ್ಕೂ ಮೊದಲೇ ಬರೆದ ಸಾವಿರಾರು ಆಟಗಳಿಗೆ ಈ ನಿಯಮ ಗೊತ್ತಿಲ್ಲ. ಅವು ತಮ್ಮ ಫೋಲ್ಡರ್‌ನಲ್ಲೇ ಸೇವ್ ಮಾಡಲು ಹೋಗುತ್ತವೆ. ತಡೆದರೆ ಕ್ರ್ಯಾಶ್ ಆಗುತ್ತವೆ.

ಅದಕ್ಕೆ ವಿಂಡೋಸ್ ಒಂದು ಉಪಾಯ ಮಾಡಿತು. ಹಳೇ 32 ಬಿಟ್ ಆಟ 'ಈ ಫೈಲನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರಿ' ಅಂದರೆ, ಸರಿ ಅಂತ ಹೇಳಿ ಅದನ್ನು ಸದ್ದಿಲ್ಲದೆ ಆ ಯೂಸರ್‌ನ ಸ್ವಂತ ಜಾಗದಲ್ಲಿ ಬರೆಯುತ್ತದೆ. ಆ ಜಾಗ ಆ್ಯಪ್‌ಡೇಟಾ\ಲೋಕಲ್\ವರ್ಚುವಲ್‌ಸ್ಟೋರ್. ಅದರೊಳಗೆ ಪ್ರೋಗ್ರಾಂ ಫೈಲ್ಸ್‌ನದ್ದೇ ಇನ್ನೊಂದು ಸಾಲು ಫೋಲ್ಡರ್‌ಗಳು ಹುಟ್ಟಿಕೊಳ್ಳುತ್ತವೆ. ಆಟ ಓದಲು ಬಂದಾಗ ಮೊದಲು ವರ್ಚುವಲ್‌ಸ್ಟೋರ್‌ನಲ್ಲಿ ನೋಡುತ್ತದೆ, ಅಲ್ಲಿಲ್ಲದಿದ್ದರೆ ನಿಜವಾದ ಫೋಲ್ಡರ್‌ನಲ್ಲಿ. ಆಟಕ್ಕೆ ಎರಡೂ ಸೇರಿ ಒಂದೇ ಫೋಲ್ಡರ್‌ನಂತೆ ಕಾಣುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ನೋಡುವ ನಮಗೆ ಮಾತ್ರ ಅರ್ಧ ಕಾಣುವುದಿಲ್ಲ. ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಇಂಥ ಫೋಲ್ಡರ್ ತೆರೆದರೆ ಮೇಲಿನ ಪಟ್ಟಿಯಲ್ಲಿ 'ಕಂಪ್ಯಾಟಿಬಿಲಿಟಿ ಫೈಲ್ಸ್' ಅಂತ ಬಟನ್ ಬರುತ್ತಿತ್ತು. ಒತ್ತಿದರೆ ವರ್ಚುವಲ್‌ಸ್ಟೋರ್‌ಗೆ ಕರೆದೊಯ್ಯುತ್ತಿತ್ತು. ತುಂಬ ಜನ ಅದನ್ನು ಗಮನಿಸಿಯೇ ಇಲ್ಲ.

ಇದರಿಂದ ಮೂರು ವಿಷಯ ಹೊರಡುತ್ತವೆ. ವರ್ಚುವಲ್‌ಸ್ಟೋರ್ ಪ್ರತಿ ಯೂಸರ್‌ಗೂ ಬೇರೆ ಬೇರೆ. ಅಣ್ಣನ ಅಕೌಂಟ್‌ನಲ್ಲಿ ಮಾಡಿದ ಮ್ಯಾಪ್ ಇನ್ನೊಂದು ಅಕೌಂಟ್‌ನಲ್ಲಿ ಕಾಣುವುದಿಲ್ಲ. ಎರಡನೆಯದು, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ಆಟ ತೆರೆದರೆ ಈ ಉಪಾಯ ಕೆಲಸ ಮಾಡುವುದಿಲ್ಲ, ಫೈಲ್ ನೇರವಾಗಿ ನಿಜವಾದ ಪ್ರೋಗ್ರಾಂ ಫೈಲ್ಸ್‌ಗೇ ಹೋಗುತ್ತದೆ. ಮೂರನೆಯದು ಅಪಾಯದ್ದು. ಆಟದ ಫೋಲ್ಡರ್ ಒಂದನ್ನೇ ಬ್ಯಾಕಪ್ ಮಾಡಿದರೆ ಎಲ್ಲ ಬಂತು ಅಂತ ಅನ್ನಿಸುತ್ತದೆ, ಆದರೆ ಜಾಸ್ತಿ ಬೆಲೆಯದ್ದೇ ಹಿಂದೆ ಉಳಿದಿರುತ್ತದೆ.

2010ರ ಫೈಲ್ ನಿಜವಾದ ಫೋಲ್ಡರ್‌ನಲ್ಲಿ ಹೇಗೆ ಬಂತು ಅಂತ ಅಣ್ಣನನ್ನು ಕೇಳಿದೆ. ಅವನಿಗೆ ನೆನಪಿತ್ತು. ವಿಂಡೋಸ್ 7ರಲ್ಲಿ ಈ ಆಟದ ಬಣ್ಣಗಳು ಕೆಡುತ್ತಿದ್ದವು. ಹುಲ್ಲು ಕೆಂಪಾಗಿ, ನೀರು ನೇರಳೆಯಾಗಿ ಕಾಣುತ್ತಿತ್ತು. ಆಟ 256 ಬಣ್ಣದ ಪ್ಯಾಲೆಟ್ (ಬಣ್ಣಗಳ ಪಟ್ಟಿ) ಬಳಸುತ್ತದೆ, ಆ ಪ್ಯಾಲೆಟ್‌ಗೆ ಎಕ್ಸ್‌ಪ್ಲೋರರ್ ಕೈಹಾಕುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸ್‌ಪ್ಲೋರರ್ ನಿಲ್ಲಿಸಿ ಆಟ ಶುರು ಮಾಡಿದರೆ ಸರಿಹೋಗುತ್ತಿತ್ತು. ಆ ಪರದಾಟದಲ್ಲಿ ಕೆಲವು ಕಾಲ ಅಡ್ಮಿನಿಸ್ಟ್ರೇಟರ್ ಆಗಿ ಆಡಿದ್ದನಂತೆ. ಆಗಿನ ಮ್ಯಾಪ್‌ಗಳು ಒಂದು ಕಡೆ, ಆಮೇಲಿನವು ಇನ್ನೊಂದು ಕಡೆ. ಲೆಕ್ಕ ಸರಿಹೋಯಿತು.

ಹುಡುಕಿದ್ದು

ಆ್ಯಪ್‌ಡೇಟಾ ಹಿಡನ್ ಫೋಲ್ಡರ್. ವಿಂಡೋಸ್ 11ರಲ್ಲಿ ವ್ಯೂ, ಶೋ, ಹಿಡನ್ ಐಟಮ್ಸ್ ಒತ್ತಿದರೆ ಕಾಣುತ್ತದೆ. ಅಡ್ರೆಸ್ ಬಾರ್‌ನಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ 'ಲೋಕಲ್ಆ್ಯಪ್‌ಡೇಟಾ' ಅಂತ ಬರೆದು ನೇರ ಹೋಗುವ ಅಭ್ಯಾಸ ನಮಗಿದೆ. ಅದು ಈಗ ಲಾಗಿನ್ ಆಗಿರುವವರ ಫೋಲ್ಡರ್‌ಗೆ ಹೋಗುತ್ತದೆ, ಹಳೇ ಡಿಸ್ಕ್‌ಗೆ ಉಪಯೋಗವಿಲ್ಲ. ಇಲ್ಲಿ ಕೈಯಾರೆ ನಡೆದುಹೋಗಬೇಕು.

ಬೇರೆ ಕಂಪ್ಯೂಟರ್‌ನ ಯೂಸರ್ ಫೋಲ್ಡರ್ ಒತ್ತಿದಾಗ 'ನಿಮಗೆ ಅನುಮತಿ ಇಲ್ಲ, ಕಂಟಿನ್ಯೂ ಒತ್ತಿ' ಅನ್ನುತ್ತದೆ. ಒತ್ತಿದರೆ ವಿಂಡೋಸ್ ಆ ಡಿಸ್ಕ್‌ನ ಅನುಮತಿಗಳನ್ನೇ ತಿದ್ದುತ್ತದೆ. ಮೂಲ ಡಿಸ್ಕ್‌ನಲ್ಲಿ ಏನನ್ನೂ ಬದಲಾಯಿಸದೆ ಕೆಲಸ ಮುಗಿಸುವುದು ನನಗಿಷ್ಟ. ಅದಕ್ಕೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ. ಅಲ್ಲಿಂದ ಬೇರೆಯವರ ಪ್ರೊಫೈಲ್ ಓದಲು ಬರುತ್ತದೆ, ಏನನ್ನೂ ತಿದ್ದಬೇಕಾಗಿಲ್ಲ. ಡಿಐಆರ್ ಕಮಾಂಡ್‌ಗೆ ಎಸ್, ಎ, ಬಿ ಅನ್ನುವ ಮೂರು ಸ್ವಿಚ್ ಕೊಟ್ಟು, ಎಸ್‌ಸಿಎಕ್ಸ್ ಎಂದು ಕೊನೆಯಾಗುವ ಫೈಲ್‌ಗಳನ್ನೆಲ್ಲ, ಅಂದರೆ ಈ ಆಟದ ಮ್ಯಾಪ್‌ಗಳನ್ನೆಲ್ಲ, ಕೇಳಿದೆ. ಎಸ್ ಅಂದರೆ ಒಳಗಿನ ಫೋಲ್ಡರ್‌ಗಳಲ್ಲೂ ನೋಡು. ಎ ಅಂದರೆ ಹಿಡನ್ ಇದ್ದರೂ ತೋರಿಸು. ಬಿ ಅಂದರೆ ಬರೀ ಪೂರ್ತಿ ಪಾತ್ ಸಾಕು. ಮಾಮೂಲಿ ಪ್ರಾಂಪ್ಟ್‌ನಲ್ಲಿ ಇದೇ ಕಮಾಂಡ್ ಕೊಟ್ಟರೆ ಅನುಮತಿ ಇಲ್ಲದ ಫೋಲ್ಡರ್‌ಗಳನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟೆ ಅಂತ ಹೇಳುವುದೂ ಇಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕಾದ ಇನ್ನೊಂದು ಕಾರಣ ಇದು.

ಕೋಟೆ ಒಂದಲ್ಲ ಹಲವು ಕಡೆ ಸಿಕ್ಕಿತು.

ನಿಜವಾದ ಪ್ರೋಗ್ರಾಂ ಫೈಲ್ಸ್‌ನ 2010ರದ್ದು ಗೊತ್ತೇ ಇತ್ತು. ಅಣ್ಣನ ವರ್ಚುವಲ್‌ಸ್ಟೋರ್‌ನಲ್ಲಿ 2011ರದ್ದು ಇತ್ತು, ನಾನು ಹುಡುಕುತ್ತಿದ್ದದ್ದು ಅದೇ. ಮನೆಯವರೆಲ್ಲ ಬಳಸುತ್ತಿದ್ದ ಇನ್ನೊಂದು ಅಕೌಂಟ್‌ನ ವರ್ಚುವಲ್‌ಸ್ಟೋರ್‌ನಲ್ಲಿ ನನ್ನದೇ ಪುಟ್ಟ ಮ್ಯಾಪ್‌ಗಳು, ನನಗೇ ಮರೆತುಹೋಗಿದ್ದವು. ಎಫ್ ಡ್ರೈವ್‌ನ ಬ್ಯಾಕಪ್ ಫೋಲ್ಡರ್‌ನಲ್ಲಿ 2013ರ ತಾರೀಖಿನ ಕೋಟೆ ಇತ್ತು.

ಇನ್ನೊಂದು ಪಾತ್ ನೋಡಿ ಆಶ್ಚರ್ಯವಾಯಿತು: ಇ:\ವಿಂಡೋಸ್.ಓಲ್ಡ್\ಪ್ರೋಗ್ರಾಂ ಫೈಲ್ಸ್\ಮೈಕ್ರೋಸಾಫ್ಟ್ ಗೇಮ್ಸ್\ಏಜ್ ಆಫ್ ಎಂಪೈರ್ಸ್ II\ಸಿನಾರಿಯೋ. 'ಎಕ್ಸ್86' ಇಲ್ಲ, ಅಂದರೆ ಇದು ಎಕ್ಸ್‌ಪಿ ಕಾಲದ 32 ಬಿಟ್ ವಿಂಡೋಸ್‌ನದ್ದು. ಎಕ್ಸ್‌ಪಿಯಿಂದ 7ಕ್ಕೆ ನೇರವಾಗಿ ಅಪ್‌ಗ್ರೇಡ್ ಆಗಲು ಬರುತ್ತಿರಲಿಲ್ಲ. ಫಾರ್ಮ್ಯಾಟ್ ಮಾಡದೆ ಅದೇ ಡ್ರೈವ್‌ನಲ್ಲಿ 7 ಹಾಕಿದರೆ, ಹಳೆಯದನ್ನೆಲ್ಲ ವಿಂಡೋಸ್.ಓಲ್ಡ್ ಅನ್ನುವ ಫೋಲ್ಡರ್‌ಗೆ ಸರಿಸಿಡುತ್ತಿತ್ತು. ಈಗಿನ ವಿಂಡೋಸ್ ಅದನ್ನು ಕೆಲವೇ ದಿನಗಳಲ್ಲಿ ತಾನೇ ಅಳಿಸುತ್ತದೆ. ನಮ್ಮ ಪಿಸಿಯಲ್ಲಿ ಯಾರೂ ಡಿಸ್ಕ್ ಕ್ಲೀನಪ್‌ನಲ್ಲಿ ಅದಕ್ಕೆ ಟಿಕ್ ಹಾಕಿರಲಿಲ್ಲ. ಕೋಟೆಯ ಮೊದಲ ರೂಪ, ಬರೀ ಮೂರು ಸುತ್ತಿನದ್ದು, ಅಲ್ಲಿ ಹಾಗೇ ಕೂತಿತ್ತು.

ಯಾವುದು ಕೊನೆಯದು?

2013ರದ್ದೇ ಹೊಸದು ಅಂತ ತಾರೀಖು ಹೇಳುತ್ತದೆ. ಅಣ್ಣ ಆ ಹೊತ್ತಿಗೆ ಕೆಲಸಕ್ಕೆ ಸೇರಿ ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ನಂಬಲು ಆಗಲಿಲ್ಲ.

ಮೊದಲು ಸರ್ಟ್‌ಯುಟಿಲ್ ಕಮಾಂಡ್‌ನಲ್ಲಿ ಎಲ್ಲದರ ಎಸ್‌ಎಚ್‌ಎ256 ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ತೆಗೆದೆ. 2013ರ ಬ್ಯಾಕಪ್ ಮತ್ತು 2010ರ ಪ್ರೋಗ್ರಾಂ ಫೈಲ್ಸ್ ಫೈಲ್ ಎರಡರದ್ದೂ ಒಂದೇ ಹ್ಯಾಶ್. ಒಂದು ಬೈಟ್ ಕೂಡ ವ್ಯತ್ಯಾಸವಿಲ್ಲ. ಅಣ್ಣ ಅದನ್ನು ತನಗೇ ಮೇಲ್ ಮಾಡಿಕೊಂಡು 2013ರಲ್ಲಿ ಡೌನ್‌ಲೋಡ್ ಮಾಡಿದ್ದ. ಡೌನ್‌ಲೋಡ್ ಆದ ದಿನವೇ ಫೈಲ್‌ನ ತಾರೀಖು ಆಗಿಹೋಗಿದೆ. ಅವನು ಮೇಲ್ ಮಾಡಿದ್ದು ಕಣ್ಣಿಗೆ ಕಂಡ ಪ್ರೋಗ್ರಾಂ ಫೈಲ್ಸ್‌ನದ್ದು. ಆಗಲೇ 2011ರದ್ದು ವರ್ಚುವಲ್‌ಸ್ಟೋರ್‌ನಲ್ಲಿ ಇತ್ತು, ಅದು ಬ್ಯಾಕಪ್‌ಗೆ ಬರಲೇ ಇಲ್ಲ. ನಾನು ಎಫ್ ಡ್ರೈವ್‌ನ ಬ್ಯಾಕಪ್ ಒಂದನ್ನೇ ತೆಗೆದುಕೊಂಡು ಡಿಸ್ಕ್ ಗುಜರಿಗೆ ಕೊಟ್ಟಿದ್ದರೆ ಓಬವ್ವನ ಕಿಂಡಿ ಹೋಗಿಯೇ ಬಿಡುತ್ತಿತ್ತು.

ಹೊರಗಿನ ತಾರೀಖನ್ನು ನಂಬಬಾರದು ಅಂತಾದರೆ ಒಳಗಿನದ್ದನ್ನು ನೋಡಬಹುದು. ಎಸ್‌ಸಿಎಕ್ಸ್ ಫೈಲ್ ಅದಕ್ಕೆ ಅನುಕೂಲವಾಗಿದೆ. ಬೈಟ್‌ಗಳನ್ನು ಇದ್ದಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಮೊದಲ ನಾಲ್ಕು ಬೈಟ್ 31 2ಇ 32 31. ಬಲಗಡೆಯ ಅಕ್ಷರದ ಕಾಲಮ್‌ನಲ್ಲಿ ಅದು '1.21' ಅಂತ ಕಾಣುತ್ತದೆ, ಫೈಲ್‌ನ ಆವೃತ್ತಿ. ಮುಂದಿನ ನಾಲ್ಕು ಬೈಟ್ ಹೆಡರ್‌ನ (ಫೈಲ್‌ನ ಶುರುವಿನ ಭಾಗ) ಉದ್ದ, ಅದರ ಮುಂದಿನ ನಾಲ್ಕು ನಮಗೆ ಬೇಡ. 13ರಿಂದ 16ನೇ ಬೈಟ್‌ನಲ್ಲಿ ಎಡಿಟರ್ ಕೊನೆಯ ಸಲ ಸೇವ್ ಮಾಡಿದ ಸಮಯ ಇದೆ. ಅಣ್ಣನ ವರ್ಚುವಲ್‌ಸ್ಟೋರ್ ಫೈಲ್‌ನಲ್ಲಿ ಆ ನಾಲ್ಕು ಬೈಟ್ 60 ಬಿ0 ಸಿಇ 4ಡಿ. ಇವನ್ನು ಬಲದಿಂದ ಎಡಕ್ಕೆ ಜೋಡಿಸಬೇಕು: 4ಡಿಸಿಇಬಿ060. ದಶಮಾನದಲ್ಲಿ 1305391200. 1970ರ ಜನವರಿ 1ರಿಂದ ಕಳೆದ ಸೆಕೆಂಡ್‌ಗಳು ಇವು. ನಮ್ಮ ಸಮಯಕ್ಕೆ ತಂದರೆ 2011ರ ಮೇ 14, ರಾತ್ರಿ 10 ಗಂಟೆ 10 ನಿಮಿಷ. ಶನಿವಾರ, ಬೇಸಿಗೆ ರಜೆ. ಬ್ಯಾಕಪ್ ಫೈಲ್‌ನ ಒಳಗಿನ ಸಮಯ 2010ರದ್ದೇ. ಅಲ್ಲಿಗೆ ಅನುಮಾನ ಮುಗಿಯಿತು.

ಈ ಹೆಡರ್‌ನಲ್ಲಿ ಇನ್ನೊಂದು ವಿಷಯ ಇದೆ. ಸಮಯದ ನಂತರ ಆಟಗಾರನಿಗೆ ಬರೆದ ಸೂಚನೆಗಳು ಹಾಗೆಹಾಗೇ ಇರುತ್ತವೆ. ಮಿಕ್ಕಿದ್ದೆಲ್ಲ ಕುಗ್ಗಿಸಿಟ್ಟ ಡೇಟಾ, ಕಣ್ಣಿಗೆ ಅರ್ಥವಾಗುವುದಿಲ್ಲ. ಸೂಚನೆ ಮಾತ್ರ ಓದಬಹುದು. ಅಣ್ಣ ಅಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ: "ತಣ್ಣೀರು ದೋಣಿ ಹತ್ತಿರ ಕಾವಲು ಬಿಡಬೇಡ."

ಇಂಗ್ಲಿಷ್ ಅಕ್ಷರವೇ ಯಾಕೆ? ಬೇರೆ ದಾರಿ ಇರಲಿಲ್ಲ. ಎಕ್ಸ್‌ಪಿಯಲ್ಲಿ ಕನ್ನಡ ಬರುತ್ತಿತ್ತು, ತುಂಗಾ ಫಾಂಟ್ ಅದರ ಜೊತೆಗೇ ಬಂದಿತ್ತು. ಆದರೆ ಅದು ಯೂನಿಕೋಡ್‌ನಲ್ಲಿ ಮಾತ್ರ. ಹಳೇ ಆಟಗಳು ಬಳಸುವುದು ಯೂನಿಕೋಡ್‌ಗಿಂತ ಹಿಂದಿನ ಕೋಡ್ ಪೇಜ್ (ಒಂದೊಂದು ಭಾಷೆಯ ಅಕ್ಷರಗಳಿಗೆ ಒಂದೊಂದು ಪಟ್ಟಿ) ಪದ್ಧತಿ. ರಷ್ಯನ್‌ಗೆ, ಗ್ರೀಕ್‌ಗೆ, ಥಾಯ್‌ಗೆ ವಿಂಡೋಸ್‌ನಲ್ಲಿ ಕೋಡ್ ಪೇಜ್ ಇದೆ. ಕನ್ನಡಕ್ಕೆ ಇಂಥ ಆಟ ಬಳಸಬಲ್ಲ ಕೋಡ್ ಪೇಜ್ ಇಲ್ಲ. ಇಂಥ ಆಟದ ಕೈಗೆ ಕನ್ನಡದ ಫೈಲ್ ಹೆಸರು ಕೊಟ್ಟರೆ ಅದಕ್ಕೆ ಕಾಣುವುದು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಪ್ರಶ್ನಾರ್ಥಕ ಚಿಹ್ನೆ ಫೈಲ್ ಹೆಸರಿನಲ್ಲಿ ಇರುವಂತೆಯೇ ಇಲ್ಲ. ಹಾಗಾಗಿ ಫೈಲ್ ತೆರೆಯುವುದೇ ಇಲ್ಲ.

ಇದು ಇವತ್ತಿಗೂ ಕಾಡುವ ವಿಷಯ. ಹೊಸ ಲ್ಯಾಪ್‌ಟಾಪ್‌ನಲ್ಲಿ ಲೋಕಲ್ ಅಕೌಂಟ್ ಮಾಡುವಾಗ ಹೆಸರನ್ನು ಕನ್ನಡದಲ್ಲಿ ಬರೆದರೆ ಯೂಸರ್ ಫೋಲ್ಡರ್ ಕೂಡ ಕನ್ನಡದಲ್ಲೇ ಆಗುತ್ತದೆ. ನೋಡಲು ಚೆಂದ. ಆದರೆ ಹಳೇ ಆಟಗಳು ಆ ಫೋಲ್ಡರ್ ಒಳಗೆ ಸೇವ್ ಮಾಡಲು ಹೋದಾಗ ಪಾತ್ ಮುರಿಯುತ್ತದೆ. ಅಕೌಂಟ್ ಮಾಡುವಾಗ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಆಮೇಲೆ ತೋರಿಸುವ ಹೆಸರನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು, ಫೋಲ್ಡರ್ ಹೆಸರು ಮೊದಲಿನದ್ದೇ ಉಳಿಯುತ್ತದೆ. ನಮ್ಮ ಭಾಷೆಗೆ ಸಲ್ಲಬೇಕಾದ ಜಾಗವನ್ನು ಹೀಗೆ ಬಿಟ್ಟುಕೊಡುವುದು ಬೇಸರದ ವಿಷಯವೇ. ಹೊಸ ಆಟ ಮಾಡುವವರು ಯೂನಿಕೋಡ್ ಪಾತ್ ಇಟ್ಟು ಪರೀಕ್ಷೆ ಮಾಡಲಿ ಅಂತ ನಿಜಕ್ಕೂ ಆಸೆ.

ಕಾಪಿ

ವಿಂಡೋಸ್‌ನದ್ದೇ ಕಾಪಿ ಕಮಾಂಡ್ ರೋಬೊಕಾಪಿ ಬಳಸಿದೆ. ಫೈಲ್‌ಗಳ ತಾರೀಖು ಹಾಗೇ ಉಳಿಯುತ್ತದೆ. ಸಿಕ್ಕ ಜಾಗಕ್ಕೊಂದು ಫೋಲ್ಡರ್ ಮಾಡಿ, ಮೂಲ ಪಾತ್ ಏನಿತ್ತು ಅಂತ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಟ್ಟೆ. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಸುರಿಯಬೇಡಿ. ಒಂದೇ ಹೆಸರಿನ ಫೈಲ್‌ಗಳು ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ಸೇವ್‌ಗೇಮ್, ಆಟಗಾರರ ಹೆಸರಿನ ಫೈಲ್, ಅಣ್ಣ ತಿದ್ದಿದ್ದ ಎಐ ಫೈಲ್‌ಗಳು ಎಲ್ಲ ಬಂದವು.

ಹೊಸ ಆಟದ ಒಳಗೆ

ಡೆಫಿನಿಟಿವ್ ಎಡಿಷನ್ 2019ರಲ್ಲಿ ಬಂದದ್ದು. ಆಟ ಕೊಂಡು ಹಾಕಿಕೊಳ್ಳುವ ಸ್ಟೀಮ್ ಆ್ಯಪ್‌ನಲ್ಲಿ ಆಟದ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, 'ಬ್ರೌಸ್ ಲೋಕಲ್ ಫೈಲ್ಸ್' ಒತ್ತಿದರೆ ಇನ್‌ಸ್ಟಾಲ್ ಫೋಲ್ಡರ್ ತೆರೆಯುತ್ತದೆ: ಸ್ಟೀಮ್‌ಆ್ಯಪ್ಸ್\ಕಾಮನ್\ಎಓಇ2ಡಿಇ. ಸ್ಟೀಮ್ ತೆರೆಯದಿದ್ದರೂ ಇದನ್ನು ಹುಡುಕಬಹುದು. ಸ್ಟೀಮ್‌ಆ್ಯಪ್ಸ್ ಒಳಗೆ ಪ್ರತಿ ಆಟಕ್ಕೊಂದು ಆ್ಯಪ್‌ಮ್ಯಾನಿಫೆಸ್ಟ್ ಫೈಲ್ ಇರುತ್ತದೆ. ಈ ಆಟದ ನಂಬರ್ 813780. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ 'ಇನ್‌ಸ್ಟಾಲ್‌ಡಿರ್' ಸಾಲಿನಲ್ಲಿ ಫೋಲ್ಡರ್ ಹೆಸರಿದೆ. ಬೇರೆ ಡ್ರೈವ್‌ಗಳಲ್ಲೂ ಲೈಬ್ರರಿ ಇದ್ದರೆ ಅವುಗಳ ಪಟ್ಟಿ ಲೈಬ್ರರಿಫೋಲ್ಡರ್ಸ್.ವಿಡಿಎಫ್ ಅನ್ನುವ ಫೈಲ್‌ನಲ್ಲಿದೆ.

ಆದರೆ ಮ್ಯಾಪ್ ಇಡುವುದು ಇಲ್ಲಲ್ಲ. ಕಾಲ ಬದಲಾಗಿದೆ. ಆಟದ್ದು ಆಟದ ಕಡೆ, ಆಟಗಾರನದ್ದು ಯೂಸರ್ ಫೋಲ್ಡರ್ ಕಡೆ. ಈ ಆಟ ಡಾಕ್ಯುಮೆಂಟ್ಸ್ ಬಿಟ್ಟು ತನ್ನದೇ ಜಾಗ ಮಾಡಿಕೊಂಡಿದೆ:

ಸಿ:\ಯೂಸರ್ಸ್\ನಿಮ್ಮ ಹೆಸರು\ಗೇಮ್ಸ್\ಏಜ್ ಆಫ್ ಎಂಪೈರ್ಸ್ 2 ಡಿಇ

ಅದರೊಳಗೆ 17 ಅಂಕಿಯ ಹೆಸರಿನ ಫೋಲ್ಡರ್. 7656119 ಅಂತ ಶುರುವಾಗುತ್ತದೆ. ಅದು ಸ್ಟೀಮ್ ಅಕೌಂಟ್‌ನ ಐಡಿ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಬ್ಬರು ತಮ್ಮ ತಮ್ಮ ಅಕೌಂಟ್‌ನಿಂದ ಆಡಿದ್ದರೆ ಇಂಥ ಎರಡು ಫೋಲ್ಡರ್ ಇರುತ್ತವೆ. ನಮ್ಮಲ್ಲಿ ಒಂದು ನನ್ನದು, ಒಂದು ಅಣ್ಣನ ಮಗನದ್ದು. ಯಾವುದು ಯಾರದ್ದು ಅಂತ ತಿಳಿಯಲು ಸ್ಟೀಮ್‌ನ ಅಕೌಂಟ್ ಡೀಟೇಲ್ಸ್ ಪುಟ ನೋಡಿದರೆ ಸಾಕು, ಮೇಲೆಯೇ ಐಡಿ ಇರುತ್ತದೆ. ಅದರೊಳಗೆ ರಿಸೋರ್ಸಸ್\_ಕಾಮನ್\ಸಿನಾರಿಯೋ. ಅಲ್ಲಿ ಮ್ಯಾಪ್ ಹಾಕಬೇಕು. ಸೇವ್‌ಗೇಮ್ ಫೋಲ್ಡರ್ ಬೇರೆ, ಅದು 17 ಅಂಕಿಯ ಫೋಲ್ಡರ್‌ನ ಒಳಗೇ ಸಿಗುತ್ತದೆ.

2011ರ ಫೈಲ್‌ನ ಒಂದು ಕಾಪಿ ಅಲ್ಲಿಟ್ಟು ಆಟ ತೆರೆದು ಎಡಿಟರ್‌ಗೆ ಹೋದೆ. ಪಟ್ಟಿಯಲ್ಲಿ ಹೆಸರು ಬಂತು. ಲೋಡ್ ಆಯಿತು. ಮೊದಲು ಕಂಡದ್ದು ಹೊರಗಿನ ಸುತ್ತಿನ ಗೋಡೆ, ಆಮೇಲೆ ಬಾಗಿಲುಗಳು, ಮೇಲೆ ಮದಕರಿಯ ಆನೆಗಳು. ಟ್ರಿಗರ್ ಪಟ್ಟಿ ತೆರೆದೆ, ಓಬವ್ವನ ಹೆಸರು ಬದಲಿಸುವ ಸಾಲು ಹಾಗೇ ಇತ್ತು. ಹೊಸ ಹೆಸರಿನಲ್ಲಿ ಸೇವ್ ಮಾಡಿದೆ, ಈಗ ಅದು ಎಓಇ2ಸಿನಾರಿಯೋ ಅನ್ನುವ ಹೊಸ ಬಗೆಯ ಫೈಲ್. ಹಳೇ ಎಸ್‌ಸಿಎಕ್ಸ್ ಮೂಲವನ್ನು ಮುಟ್ಟಿಲ್ಲ.

ಎಲ್ಲವೂ ಬರಲಿಲ್ಲ. ಅರ್ಧ ಆಡಿಟ್ಟ ಹಳೇ ಸೇವ್‌ಗಳು, ಎಂಜಿಎಕ್ಸ್ ರೆಕಾರ್ಡಿಂಗ್‌ಗಳು ಹೊಸ ಆಟದಲ್ಲಿ ತೆರೆಯುವುದಿಲ್ಲ. ರೆಕಾರ್ಡಿಂಗ್ ಅಂದರೆ ವಿಡಿಯೋ ಅಲ್ಲ, ಆಟಗಾರರು ಕೊಟ್ಟ ಆಜ್ಞೆಗಳ ಪಟ್ಟಿ ಅದು. ಅದೇ ಆವೃತ್ತಿಯ ಆಟ ಅದೇ ಲೆಕ್ಕದಲ್ಲಿ ಮತ್ತೆ ಆಡಿಸಿದರೆ ಮಾತ್ರ ಅದೇ ಯುದ್ಧ ನಡೆಯುತ್ತದೆ. ಅವನ್ನೆಲ್ಲ ಹಾಗೇ ಇಟ್ಟಿದ್ದೇನೆ. ಹಳೇ ಆಟವನ್ನೇ ಪ್ರೋಗ್ರಾಂ ಫೈಲ್ಸ್‌ನ ಹೊರಗೆ, ಸಿ:\ಗೇಮ್ಸ್ ಅಂತ ಬೇರೆ ಫೋಲ್ಡರ್‌ನಲ್ಲಿ ಹಾಕಿ ನೋಡುವುದು ಮುಂದಿನ ಕೆಲಸ. ಅಲ್ಲಿ ಹಾಕಿದರೆ ವರ್ಚುವಲ್‌ಸ್ಟೋರ್ ನಡುವೆ ಬರುವುದಿಲ್ಲ, ಸೇವ್ ಆದದ್ದು ಕಣ್ಣೆದುರೇ ಇರುತ್ತದೆ.

2022ರಲ್ಲಿ ಬಂದ ಹೆಚ್ಚುವರಿ ಭಾಗ ಡೈನಾಸ್ಟೀಸ್ ಆಫ್ ಇಂಡಿಯಾದಲ್ಲಿ ದ್ರವಿಡಿಯನ್ಸ್ ಅನ್ನುವ ದಕ್ಷಿಣ ಭಾರತದ ಪಡೆ ಇದೆ. ಪರ್ಷಿಯನ್ನರ ಆನೆಗಳನ್ನು ತೆಗೆದು ಇವರನ್ನು ಹಾಕಲಾ ಅಂತ ಅಣ್ಣನನ್ನು ಕೇಳಿದೆ. ಈ ವಾರಾಂತ್ಯ ಮನೆಗೆ ಬರುತ್ತೇನೆ, ನಾನೇ ಕೂತು ಮಾಡುತ್ತೇನೆ ಅಂದ. ಡಿಸ್ಕ್ ಡಾಕ್‌ನಿಂದ ತೆಗೆದು ಡಬ್ಬಿಯಲ್ಲಿಟ್ಟಿದ್ದೇನೆ. ಅವನು ಮ್ಯಾಪ್ ನೋಡಿ ಸರಿ ಅಂದ ಮೇಲೆ ಗುಜರಿಗೆ ಪೆಟ್ಟಿಗೆ ಮಾತ್ರ ಹೋಗುತ್ತದೆ.